ಐದನೆಯ ವರ್ಷದ ದಾರ

೪ ಅಕ್ಟೋಬರ್ ೧೯೪೮, ಸೋಮವಾರ. ನಾರಾಯಣಪೇಟೆ

ರಾತ್ರಿ ಮೂರು ಗಂಟೆ. ಮಗ್ಗದ ಕುಣಿಯಲ್ಲಿ ಯಾರೋ ಮಣ್ಣು ಕೆರೆಯುವ ಸದ್ದಿಗೆ ಎಚ್ಚರವಾಯಿತು. ಎಚ್ಚರವಾಯಿತು ಎನ್ನುವುದೂ ಸುಳ್ಳೇ. ನಾನು ಮಲಗಿರಲಿಲ್ಲ, ಎಂದಿನಂತೆ ಮಗಳ ಉಸಿರು ಎಣಿಸುತ್ತಿದ್ದೆ. ಮುನ್ನೂರರ ಹತ್ತಿರ ಬಂದಾಗ ಆ ಸದ್ದು ಬಂತು.

ರಜಾಕಾರರು ಹೋದರು, ಮಿಲಿಟರಿ ಬಂತು, ಇನ್ನು ಹೆದರಿಕೆ ಇಲ್ಲ ಎಂದು ಎಲ್ಲರೂ ಹೇಳುತ್ತಾರೆ. ನನ್ನ ಕೈಕಾಲುಗಳಿಗೆ ಆ ಸುದ್ದಿ ಇನ್ನೂ ಮುಟ್ಟಿಲ್ಲ. ಕಂದೀಲು ಹಿಡಿದು ಪಡಸಾಲೆಗೆ ಹೋದೆ.

ಕುಣಿಯೊಳಗೆ ಇದ್ದವರು ಅತ್ತೆ. ನೇಯುವವರು ಕಾಲು ಇಳಿಬಿಟ್ಟು ತುಳಿಯುವ ಆ ಗುಂಡಿಯಲ್ಲಿ ಸೊಂಟದವರೆಗೆ ನಿಂತು, ಹಳೆಯ ಸೀರೆಯಲ್ಲಿ ಸುತ್ತಿದ ಗಂಟೊಂದನ್ನು ಮೇಲಕ್ಕೆ ಎತ್ತುತ್ತಿದ್ದರು. ನನ್ನನ್ನು ನೋಡಿ, "ಒದರಬ್ಯಾಡ. ದೇವರದು ಇದು" ಎಂದರು.

ಬಿಚ್ಚಿದಾಗ ಹಿತ್ತಾಳೆಯ ಐದು ಬೆರಳು ಕಂಡವು. ಓಣಿಯ ಕೊನೆಯ ಚಾವಡಿಯಲ್ಲಿ ಮೊಹರಂ ಬಂದಾಗ ನಿಲ್ಲಿಸುವ ಪೀರಲದೇವರ ಪಂಜಾ. ಅದನ್ನು ನೋಡಿಕೊಳ್ಳುವವರು ಮದಾರಸಾಬ್, ನಮ್ಮ ಮಗ್ಗಕ್ಕೆ ರೇಷ್ಮೆಯ ಬಣ್ಣ ಕಟ್ಟುವವರು. ರಜಾಕಾರರ ಮೇಲಿನ ಸಿಟ್ಟು ಮುಸಲ್ಮಾನರೆಲ್ಲರ ಮೇಲೆ ತಿರುಗೀತೆಂದು ಹೆದರಿ, ಹೋದ ತಿಂಗಳು ಹೆಂಡತಿ ಮಕ್ಕಳನ್ನು ಕರೆದುಕೊಂಡು ಉಟ್ಕೂರಿನ ಕಡೆಯ ಬೀಗರ ಮನೆಗೆ ಹೋದರು. ಹೋಗುವ ಮುನ್ನ ಇದನ್ನು ಅತ್ತೆಯ ಕೈಗೆ ಕೊಟ್ಟರಂತೆ.

ಅತ್ತೆ ಹದಿನೈದು ದಿನದಿಂದ ಮಗ್ಗಕ್ಕೆ ಕೂತಿಲ್ಲ. ಮಾವ ತೀರಿಕೊಂಡ ದಿನಗಳಲ್ಲೂ ಅವರ ಮಗ್ಗ ಇಷ್ಟು ದಿನ ನಿಂತಿರಲಿಲ್ಲ ಎಂದು ಕೇಳಿದ್ದೇನೆ. ಮೊಣಕಾಲು ನೋವು ಎಂದಿದ್ದರು. ಮೊಣಕಾಲಿಗೆ ಏನೂ ಆಗಿಲ್ಲ. ದೇವರ ಮೇಲೆ ಕಾಲಿಡಬೇಕಾದೀತೆಂದು ಕೂತಿಲ್ಲ.

ಪಂಜಾಕ್ಕೆ ತೇವ ಹಿಡಿದಿದೆಯೇ ನೋಡಿ, ಒರೆಸಿ, ಮತ್ತೆ ಹೂತರು. ನಾನೂ ಮಣ್ಣು ಎಳೆದು ಮುಚ್ಚಿದೆ. ಯಾಕೆ ಕೈ ಹಾಕಿದೆನೋ.

೭ ಅಕ್ಟೋಬರ್, ಗುರುವಾರ

ಗದ್ವಾಲದಿಂದ ಇವರ ಕಾಗದ ಬಂದಿದೆ. ಎಣ್ಣೆ ಗಿರಣಿಯಲ್ಲಿ ಈಗ ಮೊದಲಿನಂತೆ ಕೆಲಸ ನಡೆದಿದೆಯಂತೆ. ಕೈ ಇನ್ನೂ ಪೂರ್ತಿ ಮಡಚುವುದಿಲ್ಲ, ಆದರೆ ಬರೆಯಬಹುದು. ಏಪ್ರಿಲ್‌ನಲ್ಲಿ ರಜಾಕಾರರು ಗಿರಣಿಗೆ ನುಗ್ಗಿ ಎರಡು ಕಡೆ ಮುರಿದ ಕೈ ಅದು.

ಕಾಗದದ ಅರ್ಧ ಮಗಳ ದಾರದ ಮಾತೇ. ಮರೆತೆನೆಂದು ಯಾರೂ ಹೇಳದಂತೆ ಇಲ್ಲಿ ಬರೆದಿಡುತ್ತೇನೆ. ನನ್ನ ಮೊದಲ ಕೂಸು ಎಂಟು ತಿಂಗಳಿಗೆ ಹೋಯಿತು. ಎರಡನೆಯದು ಹುಟ್ಟಿದ ದಿನವೇ ಅತ್ತೆ ಚಾವಡಿಗೆ ಹೋಗಿ ಪೀರನಿಗೆ ಬೇಡಿಕೊಂಡು ಬಂದರು: ಇದು ಉಳಿದರೆ ಐದು ಮೊಹರಂ ಇದನ್ನು ಫಕೀರಳನ್ನಾಗಿ ಮಾಡುತ್ತೇನೆ ಎಂದು. ನನ್ನನ್ನು ಕೇಳಲಿಲ್ಲ. ಹಬ್ಬದ ಐದನೆಯ ದಿನ ಕೊರಳಿಗೆ ಕೆಂಪು ಕಪ್ಪು ದಾರ ಹಾಕಿ, ಐದು ಮನೆ ಬೇಡಿಸುತ್ತಾರೆ. ದಾರ ವರ್ಷವಿಡೀ ಇರುತ್ತದೆ, ಮುಂದಿನ ವರ್ಷ ಹೊಸದು. ಐದನೆಯ ವರ್ಷ ಹಬ್ಬದ ಕೊನೆಯ ಬೆಳಗ್ಗೆ ತಂದೆ ಅದನ್ನು ಕತ್ತರಿಸಿದರೆ ಹರಕೆ ಮುಗಿಯಿತು. ಇದು ಐದನೆಯ ವರ್ಷ. ನಾನು ಮಾಲತಿ ಎಂದು ಹೆಸರಿಟ್ಟ ಮಗಳನ್ನು ಅತ್ತೆ ಇಂದಿಗೂ ಹುಸೇನಮ್ಮ ಎಂದೇ ಕರೆಯುತ್ತಾರೆ.

ಇವರು ಬರೆದಿದ್ದಾರೆ: ಈ ಸಲ ಬೇಡ, ದಾರ ಈಗಲೇ ತೆಗೆದು ಒಲೆಗೆ ಹಾಕು. ಯಾವ ದೇವರನ್ನೂ ಅವಳ ತಲೆಗೆ ತುಂಬಬೇಡಿ. ಹದಿನಾರು ತುಂಬಿದ ಮೇಲೆ ಬೇಕಿದ್ದರೆ ತಾನೇ ಒಬ್ಬನನ್ನು ಹುಡುಕಿಕೊಳ್ಳಲಿ. ಅಲ್ಲಿಯವರೆಗೆ ಪಾಟಿ ಬಳಪ ಸಾಕು.

ಮಕ್ತಲದಲ್ಲಿ ಹೆಡ್‌ಮಾಸ್ತರರಾಗಿದ್ದ ನನ್ನ ಅಪ್ಪನೂ ಇದೇ ಮಾತು ಹೇಳುತ್ತಿದ್ದರು. ನಮ್ಮ ಮನೆಯಲ್ಲಿ ದೇವರ ಗೂಡಿನಲ್ಲಿ ಭೂಗೋಳ ಇತ್ತು. ನಾನೂ ಒಪ್ಪುತ್ತೇನೆ. ಹೈದರಾಬಾದಿನ ಕಾಲೇಜಿನಲ್ಲಿ ಎರಡು ವರ್ಷ ಕೂತು ಓದಿದವಳು, ಒಪ್ಪದೆ ಏನು ಮಾಡಲಿ?

ಒಪ್ಪುತ್ತೇನೆ. ಆದರೆ ದಾರಕ್ಕೆ ಕೈ ಹಾಕಲು ಧೈರ್ಯವಾಗಲಿಲ್ಲ. ಗಂಟೆ ಎರಡೂವರೆ.

೧೮ ಅಕ್ಟೋಬರ್, ಸೋಮವಾರ

ಇವತ್ತು ಒಂದು ಕೆಟ್ಟ ಕೆಲಸ ಮಾಡಿದೆ. ಒಳ್ಳೆಯದಕ್ಕೇ ಮಾಡಿದೆ ಎಂದುಕೊಳ್ಳುತ್ತಿದ್ದೇನೆ.

ಉಟ್ಕೂರಿನಿಂದ ಹತ್ತಿ ತಂದ ಬಂಡಿಯವನ ಕೈಯಲ್ಲಿ ಮದಾರಸಾಬರು ಚಿಟ್ಟಿ ಕಳಿಸಿದ್ದರು. ಉರ್ದು. ಅತ್ತೆಗೆ ಓದಲು ಬಾರದು. ಬಣ್ಣ ಕೊಳ್ಳಲು ಪರ ಊರಿಗೆ ಹೋದಾಗ ಅವರು ಕಳಿಸುತ್ತಿದ್ದ ಚಿಟ್ಟಿಗಳನ್ನು ಮೊದಲು ಮಾವ ಓದುತ್ತಿದ್ದರಂತೆ. ಕಾಲೇಜಿನಲ್ಲಿ ನಮಗೆ ಚರಿತ್ರೆ ಗಣಿತ ಎಲ್ಲವೂ ಉರ್ದುವಿನಲ್ಲೇ ಇತ್ತಲ್ಲ, ಓದುವ ಕೆಲಸ ನನಗೆ ಬಂತು.

ಮದಾರಸಾಬರು ಬರೆದದ್ದು ಇದು. ಹೋಗುವ ಮುನ್ನ ಕಟ್ಟಿಕೊಟ್ಟ ಕಿರಮಂಜಿ ಬಣ್ಣ ನಿಂತಿದೆಯೋ ನೀರಿಗೆ ಬಿಡುತ್ತಿದೆಯೋ ತಿಳಿಸಿರಿ. ಕೂಸು ಹೇಗಿದೆ? ಈ ವರ್ಷ ನಾವು ಯಾರೂ ಅಲ್ಲಿಗೆ ಬರುವ ಧೈರ್ಯ ಮಾಡಲಾರೆವು. ನಿಮಗೂ ಭಯವಿದ್ದರೆ ಪಂಜಾವನ್ನು ಕೆರೆಗೆ ಬಿಡಿ, ನಾನು ತಪ್ಪು ತಿಳಿಯುವುದಿಲ್ಲ. ಭಯವಿಲ್ಲದಿದ್ದರೆ ಹಬ್ಬದ ಕೊನೆಯ ರಾತ್ರಿ, ಖತಲ್ ರಾತ್ರಿ, ಮನೆಯೊಳಗೇ ನಿಲ್ಲಿಸಿ ಊದು ಹಾಕಿರಿ. ಫಾತಿಹಾ ಓದಿಸುವವರು ಇಲ್ಲ ಎಂದು ಕೊರಗಬೇಡಿರಿ. ಕೂಸಿನ ದಾರ ಮಾತ್ರ ಅವಳ ತಂದೆಯಿಂದ ತೆಗೆಸಿರಿ.

ನಾನು ಓದಿ ಹೇಳಿದ್ದು ಇದು: ಹರಕೆ ನಾಲ್ಕೇ ವರ್ಷಕ್ಕೆ ಸಾಕಂತೆ. ಪೀರನ ಮುಂದೆ ಕೇಳಿಕೊಂಡಿದ್ದಾರಂತೆ, ಬಿಟ್ಟುಬಿಡಬಹುದಂತೆ.

ಅತ್ತೆ ನನ್ನ ಬಾಯನ್ನೇ ನೋಡಿದರು. ಆಮೇಲೆ ಚಿಟ್ಟಿ ಇಸಕೊಂಡು, ಮಡಚಿ, ಎಲೆಯಡಿಕೆಯ ಚೀಲಕ್ಕೆ ಹಾಕಿಕೊಂಡು, "ಹಂಗಾದ್ರ ಹಂಗಾಗಲಿ" ಎಂದರು.

೧೯ ಅಕ್ಟೋಬರ್

ಅತ್ತೆ ಮಾತಾಡುತ್ತಿಲ್ಲ. ಸಿಟ್ಟು ಅಲ್ಲ. ರೊಟ್ಟಿ ಬಡಿಯುತ್ತಾರೆ, ಮಗಳಿಗೆ ಜಡೆ ಹಾಕುತ್ತಾರೆ. ಹುಸೇನಮ್ಮ ಎಂದು ಕರೆಯಲು ಹೋಗಿ ನಡುವೆ ನಿಲ್ಲಿಸುತ್ತಾರೆ.

೨೬ ಅಕ್ಟೋಬರ್, ಮಂಗಳವಾರ

ಮಗಳಿಗೆ ಮೂರು ದಿನದಿಂದ ಜ್ವರ. ದವಾಖಾನೆಯವರು ಮಲೇರಿಯಾ ಎಂದು ಕಹಿ ಔಷಧ ಕೊಟ್ಟಿದ್ದಾರೆ. ಇಳಿಯುತ್ತದೆ ಎಂದಿದ್ದಾರೆ. ನಾನು ಅವರನ್ನು ನಂಬುತ್ತೇನೆ.

ಸುಳ್ಳು ಹೇಳಿದ್ದಕ್ಕೇ ಜ್ವರ ಬಂತೆಂದು ನಾನು ತಿಳಿದಿಲ್ಲ. ಇದನ್ನು ಸ್ಪಷ್ಟವಾಗಿ ಬರೆಯುತ್ತಿದ್ದೇನೆ. ಸೊಳ್ಳೆಗೆ ಹರಕೆಯ ಲೆಕ್ಕ ಗೊತ್ತಿಲ್ಲ.

ಆದರೆ ಹಣೆಗೆ ಒದ್ದೆ ಬಟ್ಟೆ ಇಡುವಾಗ ಎಂಟು ತಿಂಗಳಿಗೆ ಹೋದ ಗಂಡುಕೂಸಿನ ನೆನಪಾಯಿತು. ಅದು ಹೋದ ದಿನ ಅಪ್ಪ ಮಕ್ತಲದಿಂದ ಬಂದು ಪಕ್ಕದಲ್ಲಿ ಕೂತರು. ಎದೆಯಲ್ಲಿ ಕಫ ತುಂಬಿತ್ತು, ಅದಕ್ಕೇ ಹೋಯಿತು, ನಿನ್ನ ತಪ್ಪಿಲ್ಲ ಎಂದರು. ನಿಜ. ಅದಕ್ಕಿಂತ ನಿಜವಾದ ಮಾತನ್ನು ಯಾರೂ ಹೇಳಲಿಲ್ಲ. ಅತ್ತೆ ಮಾತ್ರ ಅಂಗಳದಲ್ಲಿ ನಿಂತು ಪೀರನನ್ನೂ ಯಲ್ಲಮ್ಮನನ್ನೂ ಒಂದೇ ಉಸಿರಿಗೆ ಬೈದರು. ಬೈದು ಬೈದು ಸುಸ್ತಾಗಿ, ಒಳಗೆ ಬಂದು, ನನಗೆ ಗಂಜಿ ಕುಡಿಸಿದರು. ನನಗೆ ಬೈಯಲು ಯಾವ ದೇವರೂ ಇರಲಿಲ್ಲ. ಅದಕ್ಕೇ ಇರಬೇಕು, ಆ ಗಂಜಿ ಗಂಟಲಲ್ಲಿ ಇಳಿಯಲಿಲ್ಲ.

ಅಪ್ಪ ನನಗೆ ಏನನ್ನು ಕೊಡಬಾರದೆಂದು ಅಷ್ಟು ಎಚ್ಚರ ವಹಿಸಿದರೋ ಅದನ್ನು ಕೊಟ್ಟಿದ್ದರೆ ಬೇಡ ಎಂದು ಬಿಸಾಡುತ್ತಿದ್ದೆನೋ ಏನೋ. ಬಿಸಾಡಲಿಕ್ಕಾದರೂ ಕೈಯಲ್ಲಿ ಒಂದು ಇರಬೇಕಲ್ಲ.

ಎರಡು ಗಂಟೆ. ಮೂರು. ಬೆವರು ಬಂತು. ಜ್ವರ ಬಿಟ್ಟಿತು.

೩ ನವೆಂಬರ್, ಬುಧವಾರ

ದೀಪಾವಳಿ ಆಯಿತು. ಇವರಿಗೆ ರಜೆ ಸಿಗಲಿಲ್ಲ. ಇವತ್ತು ಸಂಜೆ ಮೊಹರಂ ಚಂದ್ರ ಕಂಡ. ಬೇರೆ ವರ್ಷ ಚಂದ್ರ ಕಂಡ ಕೂಡಲೇ ಓಣಿಯಲ್ಲಿ ಹಲಗೆ ಬಡಿಯುತ್ತಿದ್ದರು, ಚಾವಡಿಯ ಮುಂದೆ, ಬೆಂಕಿ ಹಾಕಿ ಸುತ್ತ ಕುಣಿಯುವ ಅಲಾಯಿ ಗುಂಡಿಗೆ ಗುದ್ದಲಿ ಹಾಕುತ್ತಿದ್ದರು. ಇವತ್ತು ಏನೂ ಇಲ್ಲ. ಚಾವಡಿಗೆ ಬೀಗ. ಅತ್ತೆ ಬಾಗಿಲಲ್ಲಿ ನಿಂತು ಆಕಾಶ ನೋಡಿ, ಸೆರಗು ಹೊದ್ದು ಒಳಗೆ ಬಂದರು.

ಮಗಳು ಮೊರದಲ್ಲಿ ಉಸುಕು ಹಾಕಿಕೊಂಡು ಫಕೀರಳ ಆಟ ಆಡುತ್ತಿದ್ದಳು. ನನ್ನ ಹತ್ತಿರ ಬಂದು, ಈ ವರ್ಷ ತನ್ನನ್ನು ಪೀರ ಯಾಕೆ ಬೇಡ ಅಂದ, ತಾನೇನು ಮಾಡಿದೆ ಎಂದು ಕೇಳಿದಳು. ಏನೂ ಮಾಡಿಲ್ಲ ಎಂದೆ.

"ಅವ್ವಾ, ಪೀರ ಖರೇನ ಅದಾನೇನು?"

ಇಲ್ಲ ಎನ್ನಬೇಕಿತ್ತು. ನಾಲಿಗೆಯ ತುದಿಯವರೆಗೂ ಬಂದಿತ್ತು.

"ನನಗ ಗೊತ್ತಿಲ್ಲವ್ವಾ" ಎಂದೆ.

ಅವಳಿಗೆ ಭಾರಿ ಸೋಜಿಗವಾಯಿತು. ನನಗೆ ಗೊತ್ತಿಲ್ಲದ್ದು ಒಂದು ಇದೆ ಎಂಬುದೇ ಅವಳಿಗೆ ಹೊಸದು. ಹಾಗಾದರೆ ಅಜ್ಜಿಗೆ ಗೊತ್ತೇ, ಅಪ್ಪನಿಗೆ ಗೊತ್ತೇ, ಎಂದು ಕೇಳುತ್ತ ಹೋದಳು. ಅಜ್ಜಿ ಇದ್ದಾನೆ ಅನ್ನುತ್ತಾರೆ, ಅಪ್ಪ ಇಲ್ಲ ಅನ್ನುತ್ತಾರೆ ಎಂದೆ. ಅಷ್ಟು ಕೇಳಿ, ಇದು ತನಗೆ ಸಾಕು ಎನ್ನುವಂತೆ ಉಸುಕು ಆಡಲು ಹೋದಳು. ನಾನೇ ಹೆದರಿಕೊಂಡಿದ್ದೆ, ಕೂಸಿನ ತಲೆ ಕೆಡುತ್ತದೆ ಎಂದು. ಅವಳ ತಲೆಗೆ ಏನೂ ಆಗಿಲ್ಲ.

೫ ನವೆಂಬರ್, ಶುಕ್ರವಾರ

ಹೇಳಿಬಿಟ್ಟೆ.

ಅತ್ತೆ ಹಿತ್ತಲಲ್ಲಿ ನೂಲಿನ ಲಡಿ ಒಣಗಿಸುತ್ತಿದ್ದರು. ಚಿಟ್ಟಿಯಲ್ಲಿ ಇದ್ದದ್ದು ಬೇರೆ, ನಾನು ಓದಿದ್ದು ಬೇರೆ ಎಂದೆ. ಅಳು ಬರುತ್ತದೆಂದುಕೊಂಡಿದ್ದೆ, ಬರಲಿಲ್ಲ.

ಅತ್ತೆ ಲಡಿ ಕೊಡವುವುದನ್ನು ನಿಲ್ಲಿಸಲಿಲ್ಲ. "ಗೊತ್ತೈತಿ" ಎಂದರು.

"ಓದಾಕ ಬರಂಗಿಲ್ಲ, ಹೆಂಗ ಗೊತ್ತಾತ್ರಿ?"

"ಮೂವತ್ತು ವರ್ಷದಿಂದ ಮದಾರಸಾಬನ ಚಿಟ್ಟಿ ಕೇಳಾಕತ್ತೀನಿ. ಬಣ್ಣ ನಿಂತೈತೇನು, ಬಿಟ್ಟೈತೇನು ಅಂತ ಕೇಳಲಾರದ ಒಂದು ಚಿಟ್ಟೀನೂ ಬರದವನಲ್ಲ ಆಂವ. ಅವನ ಹೇಣ್ತಿ ಸತ್ತಾಗ ಬರದಿದ್ದ ಚಿಟ್ಟ್ಯಾಗೂ ಮೊದಲು ಬಣ್ಣಾನ ಕೇಳಿದ್ದ. ನೀ ಓದಿದ್ದರಾಗ ಬಣ್ಣದ ಮಾತ ಇರಲಿಲ್ಲ."

ಈಗಿರುವವರು ಮದಾರಸಾಬರ ಎರಡನೆಯ ಹೆಂಡತಿ ಎಂಬುದೇ ನನಗೆ ಗೊತ್ತಿರಲಿಲ್ಲ. ಅದನ್ನು ಆಗ ಕೇಳುವ ಹಾಗಿರಲಿಲ್ಲ. ಗೊತ್ತಿದ್ದೂ ಯಾಕೆ ಸುಮ್ಮನಿದ್ದಿರಿ ಎಂದು ಮಾತ್ರ ಕೇಳಿದೆ.

"ನೀನೂ ಹೆದರೀದಿ, ನಾನೂ ಹೆದರೀನಿ. ಹೆದರಿದಾಕಿ ಕೂಡ ಜಗಳಾ ಮಾಡಿ ಏನು ಮಾಡ್ಲಿ? ನೀನ ಹೇಳ್ತಿ ಅಂತ ಕುಂತಿದ್ದೆ."

ಆಮೇಲೆ, ಇಷ್ಟು ದಿನ ಕೇಳಬೇಕೆಂದಿದ್ದನ್ನು ಕೇಳಿಯೇಬಿಟ್ಟೆ. ಮಾಲತಿಯನ್ನು ಪೀರನೇ ಉಳಿಸಿದನೆಂದು ನೀವು ನಿಜವಾಗಿ ನಂಬಿದ್ದೀರಾ ಎಂದು. ಅತ್ತೆ ಲಡಿಯನ್ನು ಹಗ್ಗಕ್ಕೆ ಹಾಕಿ ನನ್ನ ಕಡೆ ತಿರುಗಿದರು.

"ಪೀರ ಉಳಿಸಿದನೋ, ನಿನ್ನ ದವಾಖಾನಿ ಉಳಿಸ್ತೋ, ನನಗೇನು ತಿಳೀತೈತಿ ಸುಗುಣಾ. ಅವತ್ತ ಒಂದು ಮಾತು ಕೊಟ್ಟೀನಿ. ಮದಾರಸಾಬ ಇದ್ದಾಗ ಕೊಟ್ಟ ಮಾತು, ಅವ ಇಲ್ಲದಾಗ ಬಿಟ್ಟೆ ಅಂದ್ರ ಕೂಸು ಏನು ಕಲೀತೈತಿ?"

ಮುಂದಿನ ಲಡಿಯನ್ನು ನಾನೇ ಎತ್ತಿ ಹಗ್ಗಕ್ಕೆ ಹಾಕಿದೆ. ಕಾಲೇಜಿನಲ್ಲಿ ಚರ್ಚಾಕೂಟದ ಬಹುಮಾನ ತೆಗೆದುಕೊಂಡವಳು ನಾನು.

ಒಂದು ಮಾತು ಮಾತ್ರ ಹಿಡಿದು ನಿಂತೆ: ಈ ಸಲ ಕೂಸನ್ನು ಕೇಳಬೇಕು. ಅದು ಬೇಡ ಅಂದರೆ ಬೇಡ. ಅತ್ತೆ ಹಣೆ ಗಂಟಿಕ್ಕಿದರು. ಐದು ವರ್ಷದ ಕೂಸನ್ನು ಯಾವುದಕ್ಕೆ ಯಾರು ಕೇಳುತ್ತಾರೆ ಎಂದರು. ನಾನು ಬಿಡಲಿಲ್ಲ. ಕೊನೆಗೆ ಒಪ್ಪಿದರು.

೭ ನವೆಂಬರ್, ಭಾನುವಾರ

ಕೇಳಿದೆವು. ಅಜ್ಜಿ ಒಂದು ಕಡೆ, ನಾನು ಒಂದು ಕಡೆ, ಕೋರ್ಟಿನಲ್ಲಿ ಕೂತ ಹಾಗೆ. ಬೇಕಾದರೆ ದಾರ ಹಾಕೋಣ, ಬೇಡವಾದರೆ ಇಲ್ಲ, ಯಾರೂ ಸಿಟ್ಟಾಗುವುದಿಲ್ಲ ಎಂದೆ.

ಮಗಳು ವಿಚಾರ ಮಾಡಿ, "ಚೋಂಗೆ ಇರ್ತಾವೇನು?" ಎಂದಳು.

ಬೆಲ್ಲದ ಚೋಂಗೆ ಇಲ್ಲದೆ ಮೊಹರಂ ಎಲ್ಲಿಯದು. ಇರುತ್ತವೆ ಎಂದೆ. ಹಾಗಾದರೆ ಹಾಕಿರಿ ಎಂದಳು. ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಎರಡು ತಿಂಗಳಲ್ಲಿ ಮೊದಲ ಸಲ.

೮ ನವೆಂಬರ್, ಸೋಮವಾರ. ಹಬ್ಬದ ಐದನೆಯ ದಿನ

ಹೊಸ ದಾರ ಹಾಕಿ ಮೂವರೂ ಹೊರಟೆವು. ಯಾರೂ ಬಾಗಿಲು ತೆಗೆಯಲಾರರು ಎಂದುಕೊಂಡೇ ನಡೆದೆ. ಮೊದಲ ಮನೆ ಪೆಂಟಮ್ಮನದು, ನಮಗೆ ಲಾಳಿಯ ಕಂಡಿಕೆಗೆ ನೂಲು ಸುತ್ತಿಕೊಡುವವಳು. ದಾರ ನೋಡಿ ಬೆಚ್ಚಿದಳು, ಓಣಿಯ ಆಚೆ ಈಚೆ ನೋಡಿದಳು, ಆಮೇಲೆ ಒಳಗೆ ಹೋಗಿ ಬೊಗಸೆ ಜೋಳ ತಂದು ಜೋಳಿಗೆಗೆ ಹಾಕಿದಳು. ಎರಡನೆಯ ಮನೆ, ಮೂರನೆಯ ಮನೆ, ಹೇಗೋ ಆಯಿತು.

ನಾಲ್ಕನೆಯ ಮನೆಯ ಕಟ್ಟೆಯ ಮೇಲೆ ಕುರುಮಯ್ಯ ಕೂತಿದ್ದ. ಸೆಪ್ಟೆಂಬರಿನಿಂದ ಮುಸಲ್ಮಾನರನ್ನು ಬೈಯುವುದರಲ್ಲಿ ಓಣಿಯಲ್ಲಿ ಅವನದೇ ದೊಡ್ಡ ಗಂಟಲು. ಅವನ ಮನೆ ಬಿಟ್ಟು ಮುಂದೆ ಹೋಗೋಣ ಎಂದು ನಾನು ಅತ್ತೆಯ ಸೆರಗು ಎಳೆಯುತ್ತಿದ್ದೆ. ಅಷ್ಟರಲ್ಲಿ ಅವನೇ ಮಾತಾಡಿದ.

"ಏನವ್ವಾ ಫಕೀರಮ್ಮ, ನಿನ್ನ ಪೀರ ಗಂಟುಮೂಟಿ ಕಟ್ಟಿಕೊಂಡು ಓಡಿ ಹೋದನಂತಲ್ಲ?"

"ಓಡಿಲ್ಲ" ಎಂದಳು ಮಗಳು. "ನಮ್ಮ ಮಗ್ಗದ ಕುಣ್ಯಾಗ ಮಲಗ್ಯಾನ."

ಪಂಜಾ ಹೂಳುವಾಗ ಮಗಳು ಮಲಗಿದ್ದಾಳೆಂದೇ ನಾವು ತಿಳಿದಿದ್ದೆವು. ಅವಳ ಉಸಿರು ಎಣಿಸುವುದನ್ನು ಬಿಟ್ಟು ನಾನು ಎದ್ದು ಹೋಗಿದ್ದೆನಲ್ಲ, ಹಿಂದೆಯೇ ಎದ್ದು ಬಂದು ನೋಡಿದ್ದಾಳೆ.

ಕುರುಮಯ್ಯ ಎದ್ದು ಒಳಗೆ ಹೋದ. ನಾವು ಐದನೆಯ ಮನೆಯಲ್ಲಿ ಏನು ಬೇಡಿದೆವೋ, ಅವರು ಏನು ಕೊಟ್ಟರೋ ನೆನಪಿಲ್ಲ. ಮನೆಗೆ ಬಂದು ಅಗಳಿ ಹಾಕಿ ಮೂವರೂ ಒಲೆಯ ಮುಂದೆ ಕೂತೆವು. ಮಗಳನ್ನು ಕರೆದುಕೊಂಡು ಮಕ್ತಲಕ್ಕೆ ಹೊರಟುಬಿಡಲೇ ಎಂದು ಅತ್ತೆಯನ್ನು ಕೇಳಿದೆ. ದೀಪ ಹಚ್ಚುವ ಹೊತ್ತಿಗೆ ಬಾಗಿಲು ಬಡಿದರು.

ಕುರುಮಯ್ಯನ ಹೆಂಡತಿ ಕುರುಮಮ್ಮ. ಕೈಯಲ್ಲಿ ಬೆಲ್ಲದ ಅಚ್ಚು. ಅವಳ ಹಿಂದೆ, ಹೊಸ್ತಿಲು ದಾಟದೆ, ಕುರುಮಯ್ಯ. ತನ್ನ ಗಂಡನನ್ನೂ ಸಣ್ಣವನಿದ್ದಾಗ ಏಳು ವರ್ಷ ಫಕೀರನನ್ನಾಗಿ ಮಾಡಿದ್ದರು, ಅದನ್ನು ಅವನು ಯಾರಿಗೂ ಹೇಳುವುದಿಲ್ಲ ಎಂದು ಅವಳು ನಗುತ್ತ ಹೇಳಿದಳು. ಕುರುಮಯ್ಯ ನೆಲ ನೋಡುತ್ತಿದ್ದ. ಹಾಗೆಯೇ ಅತ್ತೆಗೆ ಹೇಳಿದ:

"ಕುಣ್ಯಾಗ ತಂಪು ಭಾಳ ಇರತೈತಿ ತಿರುಪತಮ್ಮ. ಹಿತ್ತಾಳಿ ಕಿಲುಬು ಹಿಡೀತೈತಿ. ತೆಗದು ಹುಣಸಿಹಣ್ಣು ಹಚ್ಚಿ ತಿಕ್ಕ್ರಿ."

ತೆಗೆದೆವು. ಅವನೇ ಕುಣಿಗೆ ಇಳಿದ. ತಿಕ್ಕಿದ್ದು ನಾನು.

೧೦ ನವೆಂಬರ್

ನಿನ್ನೆ ಬರೆಯಲಿಲ್ಲ. ಎಂಟು ಗಂಟೆಗೆ ಒರಗಿದವಳು ಬೆಳಿಗ್ಗೆ ಮಗ್ಗದ ಸದ್ದಿಗೇ ಎದ್ದೆ. ಅತ್ತೆ ಮತ್ತೆ ನೇಯುತ್ತಿದ್ದಾರೆ. ಪಂಜಾ ದವಸದ ಕೋಣೆಯಲ್ಲಿದೆ. ಪೆಂಟಮ್ಮ ಮತ್ತು ಇನ್ನಿಬ್ಬರು ಹೆಂಗಸರು ಊದಿನಕಡ್ಡಿ ಕೊಟ್ಟು ಹೋದರು. ಅವರ ಮನೆಗಳಲ್ಲೂ ಹೇಳದೆ ಉಳಿದ ಹರಕೆಗಳಿವೆಯಂತೆ. ಮದಾರಸಾಬರಿಗೆ ಉತ್ತರ ಬರೆದೆ: ಬಣ್ಣ ನಿಂತಿದೆ.

ಇವರ ಕಾಗದವೂ ಬಂತು. ದಾರ ತೆಗೆದೆಯಾ ಎಂದು ಮೂರು ಸಲ ಕೇಳಿದ್ದಾರೆ. ಕೆಳಗೆ, ಸಣ್ಣ ಅಕ್ಷರದಲ್ಲಿ: ಅವ್ವ ಚೋಂಗೆ ಮಾಡಿದ್ದರೆ ನಾಲ್ಕು ಕಳಿಸು.

೧೨ ನವೆಂಬರ್, ಶುಕ್ರವಾರ. ಬೆಳಿಗ್ಗೆ

ಈ ಪುಟವನ್ನು ಹರಿದು ನಿಮಗೆ ಕಳಿಸುತ್ತಿದ್ದೇನೆ ರೀ. ಬೇರೆ ಕಾಗದ ಬರೆಯಲು ಕೂತರೆ ಎಲ್ಲವನ್ನೂ ತಿದ್ದಿ ಚೆಂದ ಮಾಡಿಬಿಡುತ್ತೇನೆ. ಸಿದ್ದಪ್ಪನ ಲಾರಿ ಈಗ ಶೇಂಗಾ ತುಂಬಿಕೊಂಡು ನಿಮ್ಮ ಗಿರಣಿಗೇ ಹೊರಟಿದೆ, ಹೊಳೆ ದಾಟಿ ಸಂಜೆಗೆ ಗದ್ವಾಲ ಮುಟ್ಟುತ್ತದೆ. ಚೋಂಗೆ ಎಂಟು ಇಟ್ಟಿದ್ದೇನೆ.

ದಾರ ತೆಗೆಯಲಿಲ್ಲ. ಹೊಸದು ಹಾಕಿಸಿದೆ. ಇವತ್ತು ಖತಲ್ ರಾತ್ರಿ, ಪಂಜಾ ನಮ್ಮ ಪಡಸಾಲೆಯಲ್ಲೇ ನಿಲ್ಲುತ್ತದೆ. ನಾಳೆ ಸೂರ್ಯ ಮೂಡುವ ಮೊದಲು ಕೆರೆಗೆ ಒಯ್ದು ತೊಳೆಯಬೇಕು, ಅದಕ್ಕೂ ಮೊದಲು ದಾರ ತೆಗೆಯಬೇಕು. ನಿಮ್ಮ ಸಿಟ್ಟು ಈ ಊರಿಗೆ ಕೇಳಿಸುವಷ್ಟು ಬರುತ್ತದೆಂದು ಗೊತ್ತು. ನಿಮ್ಮ ಕೈ ಮುರಿದ ದಿನವನ್ನು ನಾನು ಮರೆತಿಲ್ಲ. ಅದನ್ನು ಮುರಿದವರು ಈ ಪಂಜಾದ ಮುಂದೆ ಒಂದು ದಿನವೂ ಕೂತವರಲ್ಲ, ಅದು ನಿಮಗೂ ಗೊತ್ತು.

ಅವಳ ತಲೆಗೆ ಏನನ್ನೂ ತುಂಬಬೇಡಿ ಎಂದಿರಿ. ನಾನು ತುಂಬಿಲ್ಲ. ಅಜ್ಜಿ ನಂಬುತ್ತಾರೆ, ಅಪ್ಪ ನಂಬುವುದಿಲ್ಲ, ಅವ್ವನಿಗೆ ಗೊತ್ತಿಲ್ಲ ಎಂದು ಇದ್ದದ್ದನ್ನು ಇದ್ದಂತೆ ಹೇಳಿದ್ದೇನೆ. ಹದಿನಾರಕ್ಕೆ ಬಂದಾಗ ಅವಳು ಇದೆಲ್ಲ ಬೇಡ ಎಂದರೆ ನಾನೇ ಅವಳ ಪಕ್ಕ ನಿಲ್ಲುತ್ತೇನೆ. ಆದರೆ ಬೇಡ ಎನ್ನಲಿಕ್ಕೂ ಅವಳಿಗೆ ಒಂದು ಮನೆ ಇರಲಿ. ನನಗೆ ಅದು ಇರಲಿಲ್ಲ.

ದಾರವನ್ನು ತಂದೆ ಕತ್ತರಿಸಬೇಕು. ನೀವು ರಾತ್ರೋರಾತ್ರಿ ಬರಲಾರಿರಿ. ನಿಮ್ಮ ಮಾತು ಸಿಕ್ಕರೆ ಸಾಕು, ಕತ್ತರಿ ನಾನು ಹಿಡಿಯುತ್ತೇನೆ ಎಂದು ಅತ್ತೆಯನ್ನು ಒಪ್ಪಿಸಿದ್ದೇನೆ. ಟಪ್ಪಾ ಕಚೇರಿಯಲ್ಲಿ ಮಿಲಿಟರಿಯವರು ತಂತಿ ಎಳೆದು ಟೆಲಿಫೋನ್ ಇಟ್ಟಿದ್ದಾರೆ. ಇಲ್ಲಿಂದ ಮಾಡಲು ಅವರ ಚಿಟ್ಟಿ ಬೇಕು, ಅಲ್ಲಿಂದ ಬಂದದ್ದನ್ನು ಎತ್ತಲು ಯಾರ ಅಪ್ಪಣೆಯೂ ಬೇಡ. ಪೋಸ್ಟ್‌ಮಾಸ್ತರ ಸಾಯಣ್ಣ ನನ್ನ ಅಪ್ಪನ ಹತ್ತಿರ ಓದಿದವರು, ರಾತ್ರಿಯೆಲ್ಲ ಬಾಗಿಲು ತೆಗೆದಿಡುತ್ತೇನೆ ಎಂದಿದ್ದಾರೆ. ನಿಮ್ಮ ಗಿರಣಿಯ ಆಫೀಸಿನಲ್ಲೂ ಟೆಲಿಫೋನ್ ಇದೆಯಲ್ಲ, ರಾತ್ರಿ ಪಾಳಿಯಲ್ಲಿ ಅದರ ಪಕ್ಕ ಕೂರುವವರು ನೀವೇ. ನಾನು ಮಗಳನ್ನು ಹೊದಿಸಿಕೊಂಡು ಅಲ್ಲಿಯೇ ಬೆಂಚಿನ ಮೇಲೆ ಕೂತಿರುತ್ತೇನೆ.

ನಂಬಿಕೆ ಇದೆ ಎಂದು ಸುಳ್ಳು ಹೇಳಬೇಡಿ. ಇಲ್ಲ ಎನ್ನುವುದಾದರೂ ಸಿಟ್ಟಿಲ್ಲದೆ ಅವಳಿಗೇ ಹೇಳಿ, ಅವಳು ಕೇಳಿಸಿಕೊಳ್ಳುತ್ತಾಳೆ. ಅಪ್ಪ ಏನಂತಾನೆ ಎಂದು ನಿನ್ನೆಯಿಂದ ಕೇಳುತ್ತಿದ್ದಾಳೆ. ಆ ಒಂದು ಉತ್ತರವನ್ನು ನಾನು ನಿಮ್ಮ ಬದಲಿಗೆ ಕೊಡಲಾರೆ. ಬೆಳಗಾಗುವುದರೊಳಗೆ, ನಿಮ್ಮ ಕಾಲು ಹಿಡಿದು ಕೇಳುತ್ತೇನೆ, ಒಂದೇ ಒಂದು ಸಲ ಟೆಲಿಫೋನ್ ಮಾಡಿ ರೀ.